ಕೀ ಜಗಲಿ ಮೇಲಿದೆ

ಇಲ್ಲ, ಅವತ್ತು ಮಳೆ ಇರಲಿಲ್ಲ. ಇದನ್ನು ಯಾರಿಗಾದರೂ ಹೇಳುವಾಗಲೆಲ್ಲ ಮಳೆಯಲ್ಲಿ ನೆನೆಯುತ್ತ ಬಾನೆಟ್ ಎತ್ತಿದೆ ಅಂತಲೇ ಶುರು ಮಾಡುತ್ತೇನೆ. ಕೇಳುವವರಿಗೆ ನನ್ನ ಮೇಲೆ ಬೇಗ ಕನಿಕರ ಹುಟ್ಟುತ್ತದೆ. ಆದರೆ ಆ ದಿನಗಳಲ್ಲಿ ಬ್ಯಾಟರಿ ಡಬ್ಬದ ರಟ್ಟಿನ ಮೇಲೆ ಪೆನ್ನಿನಲ್ಲಿ ಬರೆದುಕೊಂಡ ಅಂಕಿಗಳು ಇನ್ನೂ ನನ್ನ ಬಳಿ ಇವೆ. ಒಂದು ಸಾಲು ಬಿಟ್ಟರೆ ಯಾವುದೂ ಕದಡಿಲ್ಲ, ಆ ಒಂದು ಸಾಲೂ ನನ್ನದೇ ಗ್ರೀಸ್ ಬೆರಳಿನಿಂದ ಕೆಟ್ಟದ್ದು. ಮಳೆ ಬಂದಿದ್ದರೆ ಎಲ್ಲವೂ ಕದಡಬೇಕಿತ್ತು. ಬೇರೆ ಯಾವುದೋ ಗಾಡಿಯ ಮಳೆ ಇದಕ್ಕೆ ಬಂದು ಸೇರಿಕೊಂಡಿರಬೇಕು.

ಆದ್ದರಿಂದ ರಟ್ಟನ್ನು ನಂಬಿ ಹೇಳುತ್ತೇನೆ. ರಟ್ಟಿನಲ್ಲಿ ಇಲ್ಲದ್ದನ್ನು ಅನುಮಾನ ಇಟ್ಟುಕೊಂಡೇ ಹೇಳುತ್ತೇನೆ.

ಜೆಪಿ ನಗರದಿಂದ ಜರಗನಹಳ್ಳಿ ಕಡೆಗೆ ತಿರುಗುವ ರಸ್ತೆಯಲ್ಲಿ ನನ್ನ ಅಂಗಡಿ. ಕಾರಿನ ಕರೆಂಟ್ ಕೆಲಸ: ಬ್ಯಾಟರಿ, ಡೈನಮೋ, ಸೆಲ್ಫ್, ವೈರಿಂಗ್. ಈ ಗಾಡಿ ಜರಗನಹಳ್ಳಿಯ ಒಳಗಡೆ ಬಾಡಿಗೆಗಿರುವ ಒಬ್ಬ ಹೆಂಗಸಿನದು. ಬಾಗಲಕೋಟೆ ಕಡೆಯವರು. ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಬಿಟಿಎಂ ಲೇಔಟಿನ ಒಂದು ಮೆಸ್ಸಿಗೆ ದಿನಾ ಮುನ್ನೂರು ರೊಟ್ಟಿ ಕೊಡುತ್ತಿದ್ದರು. ಅವರ ಜೊತೆ ಇನ್ನಿಬ್ಬರು ಹೆಂಗಸರು ಬೆಳಗಿನ ಐದಕ್ಕೆ ಬಂದು ಹಿಟ್ಟು ನಾದುತ್ತಿದ್ದರು. ಆ ಒಂದು ಆರ್ಡರಿನಲ್ಲಿ ಮೂರು ಮನೆ ನಡೆಯುತ್ತಿತ್ತು. ಮೆತ್ತನೆಯ ರೊಟ್ಟಿ ಅದು, ಹೊತ್ತಾದರೆ ಬಟ್ಟೆ ಸುತ್ತಿಟ್ಟಿದ್ದರೂ ಬಿರುಸಾಗುತ್ತದೆ. ಹನ್ನೊಂದೂವರೆಗೆ ಮೆಸ್ಸಿನ ಬಾಗಿಲಲ್ಲಿ ಇರಬೇಕು. ನಾನು ಅವರನ್ನು ರೊಟ್ಟಿ ಅಕ್ಕ ಎಂದು ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ.

ಕಾರು ಸೆಕೆಂಡ್ ಹ್ಯಾಂಡ್. ವರ್ಗವಾಗಿ ಹೋದ ಯಾರೋ ಅಧಿಕಾರಿಯಿಂದ ಎರಡು ವರ್ಷದ ಹಿಂದೆ ಕೊಂಡದ್ದು. ಚಿಕ್ಕ ಗಾಡಿಯೇ, ಆದರೆ ಬಟನ್ ಸ್ಟಾರ್ಟ್. ತಿರುಗಿಸುವ ಕೀ ಇಲ್ಲ. ಕೀ ಎಂದರೆ ಒಂದು ಕಪ್ಪು ಪ್ಲಾಸ್ಟಿಕ್ ಬಿಲ್ಲೆ. ಅದು ಪರ್ಸಿನಲ್ಲಿದ್ದರೆ ಸಾಕು, ಗಾಡಿ ಗುರುತು ಹಿಡಿಯುತ್ತದೆ, ಬಟನ್ ಒತ್ತಿದರೆ ಎಂಜಿನ್ ಶುರು.

ಮೊದಲ ಸಲ ಕರೆದಾಗ ಅದರಲ್ಲಿ ಯಾವ ಒಗಟೂ ಇರಲಿಲ್ಲ. ಬ್ಯಾಟರಿಗೆ ವಯಸ್ಸಾಗಿತ್ತು, ಪಕ್ಕೆ ಉಬ್ಬಿತ್ತು. ಮನೆಯ ಹತ್ತಿರವೇ ಹೋಗಿ ಹೊಸದು ಹಾಕಿದೆ, ಬಟನ್ ಒತ್ತಿ ತೋರಿಸಿದೆ, ಕೀ ಕೈಗೆ ಕೊಟ್ಟೆ. ಕೊಡುವಾಗ ಏನು ಹೇಳಿದೆ ಎಂಬ ಪ್ರಶ್ನೆ ಆಗ ಹುಟ್ಟಿರಲಿಲ್ಲ.

ಒಂಬತ್ತನೇ ದಿನ ಬೆಳಿಗ್ಗೆ ಹತ್ತೂವರೆಗೆ ಫೋನ್. "ಅಣ್ಣಾರ, ಗಾಡಿ ಟಕ್ ಟಕ್ ಅಂತೈತ್ರಿ, ಚಾಲೂ ಆಗವಲ್ದು." ಹೋಗಿ ನೋಡಿದರೆ ಹನ್ನೊಂದೂವರೆ ವೋಲ್ಟಿಗಿಂತ ಕೆಳಗೆ ಕೂತಿದೆ. ಹೊಸ ಬ್ಯಾಟರಿ ಹನ್ನೆರಡೂವರೆಯ ಮೇಲಿರಬೇಕು. ಜಂಪ್ ಕೇಬಲ್ ಹಾಕಿ ಎಬ್ಬಿಸುವಷ್ಟರಲ್ಲಿ ಹನ್ನೊಂದಾಯಿತು, ಅವರು ಬಿಟಿಎಂ ಮುಟ್ಟುವಾಗ ಹನ್ನೆರಡು ದಾಟಿತ್ತು. ಮೆಸ್ಸಿನ ಮ್ಯಾನೇಜರ್ ರೊಟ್ಟಿ ಇಳಿಸಿಕೊಂಡು ಒಂದೂ ಮಾತಾಡಲಿಲ್ಲವಂತೆ. ಬೈದಿದ್ದರೆ ವಾಸಿಯಿತ್ತು ಅಂದರು ಅಕ್ಕ.

ಆ ದಿನ ಮಧ್ಯಾಹ್ನ ಗಾಡಿಯನ್ನು ಅಂಗಡಿಗೆ ತರಿಸಿದೆ. ಬ್ಯಾಟರಿ ಸಾಯುವುದಕ್ಕೆ ಮೂರೇ ಕಾರಣ. ಒಂದು, ಬ್ಯಾಟರಿಯೇ ಸರಿಯಿಲ್ಲ. ಎರಡು, ಡೈನಮೋ ಅದಕ್ಕೆ ಊಟ ಹಾಕುತ್ತಿಲ್ಲ. ಮೂರು, ಗಾಡಿ ನಿಂತಾಗ ಯಾವುದೋ ಒಂದು ಕದ್ದು ತಿನ್ನುತ್ತಿದೆ. ಡೈನಮೋ ಹದಿನಾಲ್ಕು ಪಾಯಿಂಟ್ ಎರಡು ಕೊಡುತ್ತಿತ್ತು, ಏಸಿ, ಹೆಡ್‌ಲೈಟ್ ಎಲ್ಲ ಹಾಕಿದರೂ ಕುಸಿಯಲಿಲ್ಲ. ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಲೋಡ್ ಕೊಟ್ಟು ನೋಡಿದೆ, ಗಟ್ಟಿಯಾಗಿತ್ತು. ಉಳಿದದ್ದು ಕಳ್ಳತನ.

ಅದನ್ನು ಹಿಡಿಯಲು ಒಂದು ಕ್ರಮ ಇದೆ, ಅದರಲ್ಲಿ ಅವಸರ ಮಾಡುವಂತಿಲ್ಲ. ನೆಗೆಟಿವ್ ವೈರ್ ಬಿಚ್ಚಿ ನಡುವೆ ಮೀಟರ್ ಸೇರಿಸಬೇಕು. ಈಗಿನ ಗಾಡಿಗಳಲ್ಲಿ ಒಳಗೆ ಹತ್ತಾರು ಸಣ್ಣ ಕಂಪ್ಯೂಟರುಗಳಿವೆ. ಬಾಗಿಲು ಹಾಕಿದ ಮೇಲೂ ಅವು ಅರ್ಧ ಗಂಟೆ ಎಚ್ಚರವಿರುತ್ತವೆ, ಆಮೇಲೆ ಒಂದೊಂದಾಗಿ ಮಲಗುತ್ತವೆ. ಎಲ್ಲ ಮಲಗಿದ ಮೇಲೆ ಮೀಟರಿನಲ್ಲಿ ಏನು ಉಳಿಯುತ್ತದೋ ಅದೇ ನಿಜವಾದ ಖರ್ಚು. ಬಟನ್ ಸ್ಟಾರ್ಟ್ ಗಾಡಿಯಾದರೆ ಇನ್ನೊಂದು ಎಚ್ಚರಿಕೆ: ಕೀ ಹತ್ತಿರ ಇರಬಾರದು. ಕೀ ಬಳಿ ಬಂದರೆ ಗಾಡಿ ಯಜಮಾನ ಬಂದ ಅಂತ ಎದ್ದು ಕೂರುತ್ತದೆ. ನನಗೆ ಇದು ಗೊತ್ತಿತ್ತು. ಗೊತ್ತಿದ್ದದ್ದೇ ಕೆಟ್ಟದ್ದಾಯಿತು ಅಂತ ಈಗ ಅನ್ನಿಸುತ್ತದೆ. ಕೀಯನ್ನು ತೆಗೆದುಕೊಂಡು ಹೋಗಿ ಅಂಗಡಿಯ ಒಳಗಿನ ಮೊಳೆಗೆ ನೇತುಹಾಕಿದೆ, ಗಾಡಿಯಿಂದ ಮೂವತ್ತು ಅಡಿ ದೂರ. ಮುಕ್ಕಾಲು ಗಂಟೆ ಕಾದೆ. ಇಪ್ಪತ್ತೆಂಟು ಮಿಲಿಆಂಪ್. ಆರೋಗ್ಯವಂತ ಗಾಡಿ. ವಾರಗಟ್ಟಲೆ ನಿಲ್ಲಿಸಿದರೂ ಸಾಯಬಾರದು.

ಗಾಡಿಯಲ್ಲಿ ಏನೂ ತೊಂದರೆಯಿಲ್ಲ ಅಂತ ವಾಪಸ್ ಕೊಟ್ಟೆ. ನಾಲ್ಕನೇ ದಿನ ಸತ್ತಿತು.

ಈ ಸಲ ಮನೆಯ ಓನರ್ ಆಂಟಿಯ ಪರಿಚಯವಾಯಿತು. ಜರಗನಹಳ್ಳಿಯ ಹಳೆಯ ಮನೆತನದವರು, ಹಿಂದೆ ಹೊಲವಿದ್ದ ಕಡೆ ಈಗ ನಾಲ್ಕು ಬಾಡಿಗೆ ಮನೆ. ಮೇಲಿನ ಮಹಡಿಯ ಕಂಬಿ ಹಿಡಿದು ನಾನು ಕೇಬಲ್ ಹಾಕುವುದನ್ನು ಪೂರ್ತಿ ನೋಡಿದರು. ಆಮೇಲೆ ಕೇಳಿದರು, "ಏನಪ್ಪಾ, ದಿನಾ ಬಂದು ಎಬ್ಬಿಸ್ತೀಯಲ್ಲ, ನೀನು ಮೆಕ್ಯಾನಿಕ್ಕೋ ಸುಪ್ರಭಾತಾನೋ?"

ನಾನು ನಕ್ಕೆ ಅಂತ ನೆನಪು. ನಕ್ಕಿರಲಿಕ್ಕಿಲ್ಲ.

ರೊಟ್ಟಿ ಅಕ್ಕನ ಮಾತು ಅದಕ್ಕಿಂತ ಮೆತ್ತಗಿತ್ತು, ಅದಕ್ಕಿಂತ ಹೆಚ್ಚು ಚುಚ್ಚಿತು. "ಎರಡ್ ವರ್ಷ ಏನೂ ಆಗಿದ್ದಿಲ್ರಿ ಅಣ್ಣಾರ. ನೀವು ಹೊಸಾದು ಹಾಕಿದ ಮ್ಯಾಲ ಸುರು ಆತು." ಹಳೇ ಬ್ಯಾಟರಿ ಮುದಿಯಾಗಿ ಸತ್ತಿತು, ಅಲ್ಲಿಯವರೆಗೆ ಗಾಡಿಯಲ್ಲಿ ಕಳ್ಳ ಇರಲಿಲ್ಲ. ಹೊಸದು ಬಂದ ದಿನವೇ ಕಳ್ಳನೂ ಬಂದ. ಆ ದಿನ ಗಾಡಿ ಮುಟ್ಟಿದವನು ನಾನೊಬ್ಬನೇ.

ಬ್ಯಾಟರಿಯನ್ನೇ ಬದಲಿಸಿದೆ, ಇನ್ನೊಂದು ಹೊಸದು. ತೆಗೆದದ್ದನ್ನು ಡೀಲರಿಗೆ ಕೊಟ್ಟರೆ ಅವರು ಎರಡು ದಿನ ಇಟ್ಟುಕೊಂಡು ಒಳ್ಳೇ ಮಾಲನ್ನು ಯಾಕೆ ವಾಪಸ್ ತಂದೆ ಎಂದು ಕೇಳಿದರು. ಎರಡನೇ ಬ್ಯಾಟರಿ ಮೂರು ದಿನ ಬಾಳಿತು.

ಆಗ ಒಂದು ಪ್ರಶ್ನೆ ಕೇಳಿದೆ. ಸರಿಯಾದ ಪ್ರಶ್ನೆಯೇ ಕೇಳಿದೆ, ಅದು ರಟ್ಟಿನಲ್ಲೂ ಇದೆ. ಮನೆಗೆ ಬಂದ ಮೇಲೆ ಕೀ ಎಲ್ಲಿಡ್ತೀರಕ್ಕ ಅಂದೆ.

"ಜಗಲಿ ಮ್ಯಾಲ ಇಡ್ತೀನ್ರಿ."

ಆ ಮನೆಯ ಮುಂಭಾಗದಲ್ಲಿ ಗ್ರಿಲ್ ಹಾಕಿದ ಒಂದು ಜಗಲಿ ಇದೆ. ಹಳೆಯ ಮನೆ, ಬಾಗಿಲ ಎರಡೂ ಪಕ್ಕ ಕೂರುವಷ್ಟು ಎತ್ತರದ ಕಟ್ಟೆ, ಮೇಲೆ ಕೆಂಪು ಗಾರೆ. ಒಂದು ಕಡೆ ರೊಟ್ಟಿಯ ಬುಟ್ಟಿಗಳು, ಇನ್ನೊಂದು ಕಡೆ ಚಪ್ಪಲಿ, ಪೇಪರು. ಗಾಡಿ ನಿಲ್ಲುವುದು ಮನೆಯ ಹಿಂದೆ, ಪಕ್ಕದ ಓಣಿಯಲ್ಲಿ ಒಳಗೆ ಹೋಗಿ, ಗೋಡೆಗೆ ಒರಸಿಕೊಂಡು. ಜಗಲಿಯಿಂದ ಗಾಡಿಗೆ ಹೆಜ್ಜೆ ಹಾಕಿ ಅಳೆದೆ: ಹದಿನೇಳು ಹೆಜ್ಜೆ, ನಡುವೆ ಎರಡು ಕೋಣೆ. ರಟ್ಟಿನ ಮೇಲೆ ಬರೆದೆ: ಕೀ, ಜಗಲಿ, ದೂರ, ಸರಿ. ಸರಿ ಎಂಬುದರ ಕೆಳಗೆ ಗೆರೆ ಬೇರೆ ಎಳೆದಿದ್ದೇನೆ.

ಅದೇ ಸಂಜೆ ಮನೆಯ ಬಳಿಯೇ ಪರೀಕ್ಷೆ ಮಾಡಿದೆ. ಅಂಗಡಿಯಲ್ಲಿ ಸಭ್ಯವಾಗಿದ್ದು ಮನೆಗೆ ಬಂದಾಗ ಕೆಡುವ ಗಾಡಿಗಳನ್ನು ನೋಡಿದ್ದೇನೆ. ಮತ್ತೆ ಅದೇ ಎಚ್ಚರಿಕೆ. ಕೀ ನನ್ನ ಜೇಬಿನಲ್ಲಿದ್ದರೆ ಗಾಡಿ ಮಲಗುವುದಿಲ್ಲ ಎಂದು ಅದನ್ನು ಎದುರಿನ ಟೀ ಅಂಗಡಿಯವನ ಕೈಗೆ ಕೊಟ್ಟು ಬಂದೆ. ಕೊಡುವಾಗ ನೋಡಿದೆ, ಕೀ ಮೇಲೆ ವಿಭೂತಿ, ಕುಂಕುಮ ಮೆತ್ತಿತ್ತು, ಸಂದಿಯಲ್ಲಿ ಒಂದು ಹೂವಿನ ಎಸಳು ಸಿಕ್ಕಿಕೊಂಡಿತ್ತು. ಬಟನ್ ಸಂದಿಗೆ ಪುಡಿ ಹೋದರೆ ಕೆಡುತ್ತದೆ ಅಂತ ವೇಸ್ಟ್ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿದೆ. ಒರೆಸಿದ್ದು ಕೈಗೆ ನೆನಪಿದೆ. ಯಾಕೆ ಮೆತ್ತಿದೆ ಎಂದು ಯೋಚಿಸಿದ್ದು ನೆನಪಿಲ್ಲ, ಏಕೆಂದರೆ ಯೋಚಿಸಲಿಲ್ಲ.

ಮುಕ್ಕಾಲು ಗಂಟೆ. ಇಪ್ಪತ್ತೆಂಟು ಮಿಲಿಆಂಪ್.

ಆ ಅಂಕಿ ನನ್ನನ್ನು ಗೇಲಿ ಮಾಡುತ್ತಿದೆ ಅನ್ನಿಸತೊಡಗಿತು. ಒಂದು ಗಾಡಿ ಕೆಟ್ಟಿದ್ದರೆ ಕೆಟ್ಟ ಅಂಕಿ ತೋರಿಸುವುದು ಅದರ ಮರ್ಯಾದೆ.

ತಾತ್ಕಾಲಿಕವಾಗಿ ಒಂದು ಉಪಾಯ ಹೇಳಿಕೊಟ್ಟೆ. ಹತ್ತು ನಂಬರ್ ಸ್ಪ್ಯಾನರ್ ಕೊಟ್ಟು, ಗಾಡಿ ನಿಲ್ಲಿಸಿದ ಮೇಲೆ ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ, ಬೆಳಿಗ್ಗೆ ಹಾಕಿಕೊಳ್ಳಿ ಎಂದೆ. ಅವರು ಒಂದೇ ಸಲಕ್ಕೆ ಕಲಿತರು. ಐದು ದಿನ ಗಾಡಿ ಗಡಿಯಾರದ ಹಾಗೆ ನಡೆಯಿತು. ಆರನೆಯ ದಿನ, ಎಷ್ಟೋ ಸಲ ಬಿಚ್ಚಿ ಹಾಕಿ ಸಡಿಲವಾಗಿದ್ದ ಆ ಟರ್ಮಿನಲ್ ಸಾರಕ್ಕಿ ಸಿಗ್ನಲ್ಲಿನಲ್ಲಿ ಕಳಚಿಕೊಂಡಿತು. ರಸ್ತೆಯ ನಡುವೆ, ಮುನ್ನೂರು ರೊಟ್ಟಿ ಹಿಂದಿನ ಸೀಟಿನಲ್ಲಿ, ಹಿಂದೆ ಬಸ್ಸುಗಳ ಹಾರ್ನ್. ಅಕ್ಕ ತಾನೇ ಇಳಿದು ಬಾನೆಟ್ ಎತ್ತಿ ಕೈಯಲ್ಲಿ ಒತ್ತಿ ಹಿಡಿದು ನೋಡಿದ್ದಾರೆ, ಕಿಡಿ ಹಾರಿದೆ, ಬಿಟ್ಟಿದ್ದಾರೆ. ಕೊನೆಗೆ ಗಾಡಿಯನ್ನು ಬದಿಗೆ ತಳ್ಳಿಸಿ, ಆಟೊ ಹಿಡಿದು ಬುಟ್ಟಿಗಳನ್ನು ಸಾಗಿಸಿದರು.

ಆವತ್ತು ಮ್ಯಾನೇಜರ್ ಮಾತಾಡಿದ. ಇನ್ನೊಂದು ಸಲ ತಡವಾದರೆ ಆರ್ಡರ್ ಬೇರೆಯವರಿಗೆ, ಕೋರಮಂಗಲದ ಕಡೆಯ ಒಬ್ಬರು ಆಗಲೇ ಸ್ಯಾಂಪಲ್ ತಂದು ತೋರಿಸಿದ್ದಾರೆ. ಅಕ್ಕ ಇದನ್ನು ನನಗೆ ಫೋನಿನಲ್ಲಿ ಹೇಳಲಿಲ್ಲ. ಅಂಗಡಿಗೆ ಬಂದು, ಸ್ಪ್ಯಾನರನ್ನು ಮೇಜಿನ ಮೇಲಿಟ್ಟು ಹೇಳಿದರು. "ಇದು ನಿಮ್ಮದು ನಿಮಗ ಇರ್ಲಿ. ನನಗ ರೊಟ್ಟಿ ಬಡ್ಯಾಕ ಬರ್ತೈತಿ, ಇದು ಬರಾಂಗಿಲ್ಲ. ಆ ಇಬ್ರು ಹೆಣ್ಮಕ್ಕಳಿಗೆ ನಾಳೆ ಬರಬ್ಯಾಡ್ರಿ ಅಂತ ಹೇಳೂ ಪಾಳಿ ನನಗ ತರಬ್ಯಾಡ್ರಿ ಅಣ್ಣಾರ."

ಸ್ಪ್ಯಾನರಿನ ಮೇಲೆ ಹಿಟ್ಟಿನ ಬೆರಳಚ್ಚು ಇತ್ತು. ಅಥವಾ ಇದೂ ನಾನು ಆಮೇಲೆ ಸೇರಿಸಿದ್ದೋ ಏನೋ. ಹಿಟ್ಟು ಇಲ್ಲದಿದ್ದರೂ ನಾನು ಅದನ್ನು ಅವತ್ತು ನೇರವಾಗಿ ನೋಡಲಾರದೆ ಪಕ್ಕಕ್ಕೆ ಸರಿಸಿದ್ದು ನಿಜ.

ಮರುದಿನ ಭಾನುವಾರ, ಮೆಸ್ಸಿಗೆ ರಜೆ. ಗಾಡಿಯನ್ನು ಅಂಗಡಿಗೆ ತಂದು ಹರಡಿದೆ. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತೆ. ಹಿಂದಿನ ಯಜಮಾನ ಹಾಕಿಸಿದ ಹಾರ್ನ್ ರಿಲೇ, ರಿವರ್ಸ್ ಕ್ಯಾಮೆರಾ, ಕಾಲ ಬಳಿಯ ದೀಪ, ಎಲ್ಲ ಬಿಚ್ಚಿ ನೋಡಿದೆ. ಸೋಮವಾರವೂ ಮುಗಿಯಲಿಲ್ಲ, ಅವತ್ತು ರೊಟ್ಟಿಯನ್ನು ನನ್ನ ವ್ಯಾನಿನಲ್ಲಿ ನಾನೇ ಮೆಸ್ಸಿಗೆ ಮುಟ್ಟಿಸಿ ಬಂದೆ. ಬಂದು ಹಿಂದಿನ ಸೀಟಿನ ಕೆಳಗೆ ಕೈ ಹಾಕಿದಾಗ ಸಿಕ್ಕಿತು: ಹಳೆಯ ಆಂಪ್ಲಿಫೈಯರ್ ತೆಗೆದು ವೈರ್ ಮಾತ್ರ ಬಿಟ್ಟಿದ್ದರು, ಬ್ಯಾಟರಿಯಿಂದ ನೇರ ಬಂದ ವೈರ್, ತುದಿಗೆ ಬರೀ ಟೇಪ್. ಟೇಪ್ ಅಂಟು ಬಿಟ್ಟು ಜಾರಿತ್ತು. ಗಾಡಿಯ ತಗಡಿಗೆ ತಾಗಿದ್ದರೆ ದೊಡ್ಡ ಫ್ಯೂಸ್ ಹಾರಬೇಕಿತ್ತು, ಹಾರಿರಲಿಲ್ಲ. ಇದು ನನ್ನ ಬುದ್ಧಿಗೆ ಹೊಳೆಯಿತು, ಆದರೂ ಬದಿಗೊತ್ತಿದೆ. ಮೂರು ವಾರದಿಂದ ಕಳ್ಳನನ್ನು ಹುಡುಕುತ್ತಿರುವವನ ಕೈಗೆ ಒಬ್ಬ ಅನುಮಾನಾಸ್ಪದ ಮನುಷ್ಯ ಸಿಕ್ಕಿದರೆ ಸಾಕ್ಷಿ ಕೇಳುವುದಿಲ್ಲ. ವೈರನ್ನು ಬುಡದಲ್ಲೇ ಕತ್ತರಿಸಿದೆ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಮಧ್ಯಾಹ್ನ ಗಾಡಿ ಕೊಟ್ಟು, ಸಿಕ್ತು ಅಕ್ಕ, ಇನ್ನು ನಿಶ್ಚಿಂತೆ, ಅಂದೆ. ಕತ್ತರಿಸಿದ ವೈರನ್ನು ಓನರ್ ಆಂಟಿಗೂ ತೋರಿಸಿದೆ, ಅವರು ಕೇಳದಿದ್ದರೂ.

ಮಂಗಳವಾರ ಬೆಳಿಗ್ಗೆ ಗಾಡಿ ಸತ್ತಿತ್ತು.

ಅಕ್ಕ ಈ ಸಲ ಎಂಟೂವರೆಗೇ ಬಟನ್ ಒತ್ತಿ ನೋಡಿದ್ದರಿಂದ ಉಳಿದರು. ನಾನು ಓಡಿ ಹೋಗಿ ಎಬ್ಬಿಸಿದೆ. ಆಂಟಿ ಮೇಲಿನಿಂದ ನೋಡಿ ಒಳಗೆ ಹೋದರು, ತಮಾಷೆಗೂ ಲಾಯಕ್ಕಿಲ್ಲದವನಾದೆ ಎಂದುಕೊಂಡೆ.

ಆ ದಿನ ಅಂಗಡಿಯ ಬಾಗಿಲು ಅರ್ಧ ಎಳೆದು ರಟ್ಟನ್ನು ಮುಂದಿಟ್ಟುಕೊಂಡು ಕೂತೆ. ಎಲ್ಲ ಅಂಕಿಯೂ ನನ್ನ ಕೈ ಇದ್ದಾಗ ತೆಗೆದದ್ದು. ನಾನು ಗಾಡಿಯನ್ನು ನಿಲ್ಲಿಸುತ್ತೇನೆ, ನಾನು ಬಾಗಿಲು ಹಾಕುತ್ತೇನೆ, ನಾನು ಕೀ ದೂರ ಇಡುತ್ತೇನೆ, ನಾನು ಟರ್ಮಿನಲ್ ಬಿಚ್ಚುತ್ತೇನೆ, ಗಾಡಿ ನನಗೆ ಬೇಕಾದ ಹಾಗೆ ಮಲಗುತ್ತದೆ. ನಾನು ಇಲ್ಲದಿದ್ದಾಗ ಸಾಯುತ್ತದೆ. ಹಾಗಿದ್ದರೆ ನಾನು ಅಲ್ಲಿದ್ದೂ ಇಲ್ಲದಂತೆ ಇರಬೇಕು.

ವೈರ್ ಬಿಚ್ಚದೆಯೇ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಒಂದಿದೆ, ಇಕ್ಕಳದ ಹಾಗೆ ವೈರಿನ ಸುತ್ತ ಕಚ್ಚಿಸಿದರೆ ಆಯಿತು. ನನ್ನ ಬಳಿ ಇರಲಿಲ್ಲ. ಬನಶಂಕರಿಯ ಗೆಳೆಯನೊಬ್ಬನಿಂದ ತಂದೆ. ಬುಧವಾರ ಅಕ್ಕ ಮೆಸ್ಸಿಗೆ ಕೊಟ್ಟು ವಾಪಸ್ ಬರುವ ಹೊತ್ತಿಗೆ ಓಣಿಯಲ್ಲಿ ಒಂದು ತರಕಾರಿ ಕ್ರೇಟ್ ಬೋರಲು ಹಾಕಿ ಕೂತೆ. ಅಕ್ಕನಿಗೆ ಒಂದೇ ಮಾತು ಹೇಳಿದೆ: ನಾನಿಲ್ಲ ಅಂದ್ಕೊಳ್ಳಿ, ದಿನಾ ಏನು ಮಾಡ್ತೀರೋ ಅದನ್ನೇ ಮಾಡಿ. ಅವರು ನನ್ನನ್ನು ಒಂದು ಥರ ನೋಡಿ ಒಳಗೆ ಹೋದರು. ಮೀಟರನ್ನು ನೆಗೆಟಿವ್ ವೈರಿಗೆ ಕಚ್ಚಿಸಿ ಬಾನೆಟನ್ನು ಒಂದು ಬೆರಳು ಸಂದಿ ಬಿಟ್ಟು ಇಳಿಸಿದ್ದೆ.

ಒಂದೂವರೆ ಗಂಟೆಗೆ ನಾಲ್ಕು ಆಂಪ್. ಹತ್ತು ನಿಮಿಷಕ್ಕೆ ಒಂದೂವರೆ. ಎರಡು ಗಂಟೆಗೆ ಪಾಯಿಂಟ್ ಸೊನ್ನೆ ಮೂರು. ಮತ್ತದೇ, ಆರೋಗ್ಯವಂತ. ಎದ್ದು ಹೋಗಿಬಿಡೋಣ ಅನ್ನಿಸಿತು. ಈ ಕೆಲಸ ಬಿಟ್ಟು ಟೀ ಅಂಗಡಿಯೇ ಇಡೋಣ ಅನ್ನಿಸಿತು. ಗೋಡೆಯ ಆ ಕಡೆಯಿಂದ ಪಾತ್ರೆ ಸದ್ದು, ನೀರಿನ ಸದ್ದು. ಆಮೇಲೆ ಸಣ್ಣ ಗಂಟೆ, ಪೂಜೆಯದು. ಗಂಟೆ ನಿಂತು ಸ್ವಲ್ಪ ಹೊತ್ತಿಗೆ ಡ್ಯಾಶ್‌ಬೋರ್ಡಿನ ಒಳಗೆ ಟಿಕ್ ಎಂದಿತು.

ಮೀಟರ್: ಪಾಯಿಂಟ್ ಒಂಬತ್ತು.

ಯಾರೂ ಗಾಡಿ ಮುಟ್ಟಿರಲಿಲ್ಲ. ಸ್ವಲ್ಪ ಹೊತ್ತಿಗೆ ಇಳಿಯಿತು, ಮತ್ತೆ ಟಿಕ್, ಮತ್ತೆ ಪಾಯಿಂಟ್ ಒಂಬತ್ತು. ನಿದ್ದೆ ಬರದವರು ಮಗ್ಗಲು ಬದಲಿಸಿದಂತೆ ಅರ್ಧ ಗಂಟೆ ಹೀಗೇ ಆಡಿತು. ಇದು ಕೀ ಹತ್ತಿರ ಇದ್ದಾಗಿನ ಲಕ್ಷಣ, ನನಗೆ ಚೆನ್ನಾಗಿ ಗೊತ್ತು. ಆದರೆ ಕೀ ಜಗಲಿ ಮೇಲಿದೆ, ಹದಿನೇಳು ಹೆಜ್ಜೆ ದೂರ.

ಕಿಟಕಿಯ ಹತ್ತಿರ ಹೋಗಿ, ಅಕ್ಕ, ಈಗ ಕೀ ಎಲ್ಲಿದೆ ಅಂತ ಕೂಗಿ ಕೇಳಿದೆ.

"ಜಗಲಿ ಮ್ಯಾಲೈತಲ್ರಿ."

ಸುತ್ತಿ ಮುಂಭಾಗಕ್ಕೆ ಹೋದೆ. ಎರಡೂ ಕಟ್ಟೆ ನೋಡಿದೆ. ಬುಟ್ಟಿ ಎತ್ತಿ ನೋಡಿದೆ, ಪೇಪರ್ ಕೊಡವಿ ನೋಡಿದೆ. ಅಷ್ಟರಲ್ಲಿ ಓನರ್ ಆಂಟಿ ಕೆಳಗಿಳಿದು ಬಂದರು. ಅಕ್ಕನೂ ಬಾಗಿಲಿಗೆ ಬಂದರು.

"ಜಗಲಿ ಮೇಲೆ ಇಲ್ಲವಲ್ಲಕ್ಕ."

"ಐತ್ರಿ. ಈಗ ಇಟ್ಟೇನಿ."

"ಎಲ್ಲಿದೆಯಮ್ಮಾ?" ಅಂದರು ಆಂಟಿ, ಕಟ್ಟೆಯ ಗಾರೆಯನ್ನು ತಟ್ಟಿ. "ಇಷ್ಟುದ್ದ ಜಗಲಿ, ಬರೀ ಚಪ್ಪಲಿ ಕಾಣ್ತಿದೆ. ಕೀಗೆ ಕಾಲು ಬಂತಾ?"

ಅಕ್ಕ ನಮ್ಮಿಬ್ಬರನ್ನೂ ನೋಡಿದರು, ಆಮೇಲೆ ಚಪ್ಪಲಿಗಳನ್ನು ನೋಡಿದರು. ಅವರ ಮುಖದಲ್ಲಿ ಮೊದಲು ಬಂದದ್ದು ಸಿಟ್ಟು. "ಇದಕ್ಕ ಜಗಲಿ ಅಂತಾರೇನ್ರಿ? ಕಾಲ್ಮರಿ ಬಿಡೂ ಜಾಗಾಕ್ಕ? ಇದು ಕಟ್ಟೀ ರಿ. ಜಗಲಿ ಒಳಗೈತಿ."

ಅವರ ಹಿಂದೆ ಒಳಗೆ ಹೋದೆವು. ನಡುಮನೆ ದಾಟಿ ಹಿಂದಿನ ಕೋಣೆ. ಗೋಡೆಗೆ ಸೇರಿಸಿ ಸೊಂಟದೆತ್ತರಕ್ಕೆ ಕಟ್ಟಿದ ಸಣ್ಣ ಕಟ್ಟೆ, ಮೇಲೆ ಕೆಂಪು ಬಟ್ಟೆ, ದೇವರ ಫೋಟೋಗಳು, ಹಿತ್ತಾಳೆ ದೀಪ, ಗಂಟೆ. ನಡುವೆ ಒಂದು ಸಣ್ಣ ತಟ್ಟೆಯಲ್ಲಿ, ವಿಭೂತಿ ಹಚ್ಚಿ ಸೇವಂತಿಗೆ ಏರಿಸಿದ ಕಪ್ಪು ಬಿಲ್ಲೆ. ದೇವರು ಕೂರುವ ಕಟ್ಟೆಗೆ ಅವರ ಕಡೆ ಜಗಲಿ ಅನ್ನುತ್ತಾರೆ. ಮನೆಯ ಮುಂದೆ ಜನ ಕೂರುವ ಕಟ್ಟೆಗೆ ನಮ್ಮ ಕಡೆ ಜಗಲಿ ಅನ್ನುತ್ತೇವೆ. ಫೋಟೋದ ಹಿಂದೆ ಒಂದು ಇಟ್ಟಿಗೆಯ ಗೋಡೆ. ಗೋಡೆಯ ಹಿಂದೆ ಓಣಿ. ಓಣಿಯಲ್ಲಿ ಗೋಡೆಗೆ ಒರಸಿಕೊಂಡು ಕಾರಿನ ಡ್ರೈವರ್ ಬಾಗಿಲು. ಕೀಯಿಂದ ಬಾಗಿಲಿಗೆ ಒಂದು ಮೊಳ, ಹೆಚ್ಚೆಂದರೆ ಎರಡು.

ಮೂರು ಸಲ ಪರೀಕ್ಷಿಸಿದೆ. ಕೀಯನ್ನು ಅಡುಗೆಮನೆಗೆ ಒಯ್ದರೆ ಗಾಡಿ ಮಲಗುತ್ತಿತ್ತು, ತಟ್ಟೆಗೆ ತಂದರೆ ಎಚ್ಚರವಾಗುತ್ತಿತ್ತು. ಅಕ್ಕ ಒಳಗಿನಿಂದ "ಇಟ್ಟೆ ರಿ" ಅನ್ನುವುದು, ನಾನು ಹೊರಗಿನಿಂದ ಅಂಕಿ ಹೇಳುವುದು. ಆಂಟಿ ಓಣಿಯಲ್ಲಿ ನನ್ನ ಕ್ರೇಟಿನ ಮೇಲೆ ಕೂತು ಮೀಟರ್ ನೋಡುತ್ತಿದ್ದವರು ಅಂದರು, "ಅಂದ್ರೆ ಇಷ್ಟು ದಿನ ಇದು ದೇವರ ದರ್ಶನ ಮಾಡ್ತಾ ಎಚ್ಚರ ಇತ್ತು ಅನ್ನಪ್ಪ. ಇಡೀ ಬೀದೀಲಿ ಒಬ್ಬರಿಗೂ ಇಷ್ಟು ಭಕ್ತಿ ಇಲ್ಲ."

ನಾನು ಅಕ್ಕನಿಗೆ ಒಂದೇ ಪ್ರಶ್ನೆ ಕೇಳಿದೆ, ಸ್ವಲ್ಪ ಜೋರಾಗಿಯೇ ಕೇಳಿರಬೇಕು. ಎರಡು ವರ್ಷ ಕೀ ಎಲ್ಲಿಡುತ್ತಿದ್ದಿರಿ? ಅಡುಗೆಮನೆ ಬಾಗಿಲಿನ ಚೀಲದಲ್ಲಂತೆ. ಮತ್ತೆ ದೇವರ ಮುಂದೆ ಯಾಕೆ ತಂದಿರಿ?

"ನೀವ ಹೇಳಿದ್ರಲ್ರಿ. ಹೊಸಾ ಬ್ಯಾಟರಿ ಹಾಕಿ, ದೇವರ ಹತ್ರ ಇಟ್ಟು ಆಮೇಲೆ ಓಡ್ಸಿ ಅಂದ್ರಿ. ಇಟ್ಟೆ. ಗಾಡಿ ಕೆಟ್ಟಾಗೆಲ್ಲ ಇನ್ನಾ ಚಂದಂಗ ಇಟ್ಟೆ."

ಹಾಗೆ ಹೇಳಿದೆನೇ? ರಟ್ಟಿನಲ್ಲಿ ಇಲ್ಲ. ಹೊಸ ಬ್ಯಾಟರಿ ಕೊಟ್ಟಾಗ ನಾನು ಕೆಲವರಿಗೆ ಹಾಗೆ ಅನ್ನುವುದುಂಟು, ಬಾಯಿಗೆ ಬಂದ ಮಾತು, ಶುಭವಾಗಲಿ ಅನ್ನುವ ಹಾಗೆ. ಎಲ್ಲರಿಗೂ ಅನ್ನುವುದಿಲ್ಲ. ಅವರಿಗೆ ಅಂದಿರಬಹುದು. ಅಥವಾ ಅವರು ತಾವೇ ಇಟ್ಟು, ಆಮೇಲೆ ಆ ಮಾತನ್ನು ನನ್ನ ಬಾಯಿಗೆ ಹಾಕಿರಬಹುದು, ನಾನು ಮಳೆಯನ್ನು ತಂದು ಸೇರಿಸಿದ ಹಾಗೆ. ಅಂದಿದ್ದರೆ, ಮೂರು ವಾರ ನಾನು ಊರೆಲ್ಲ ಹುಡುಕಿದ ಕಳ್ಳನನ್ನು ಒಳಗೆ ಬಿಟ್ಟವನು ನಾನೇ. ಗಾಡಿ ಸತ್ತಷ್ಟೂ ಅವರು ಕೀಯನ್ನು ಇನ್ನಷ್ಟು ಭಕ್ತಿಯಿಂದ ಗೋಡೆಗೆ ಹತ್ತಿರ ಸರಿಸಿದ್ದಾರೆ. ಹತ್ತಿರ ಸರಿಸಿದಷ್ಟೂ ಗಾಡಿ ಸತ್ತಿದೆ.

ಇನ್ನು ಕೀಯನ್ನು ಅಡುಗೆಮನೆಯಲ್ಲೇ ಇಡಿ ಎಂದೆ. ಅವರು ಒಪ್ಪಲಿಲ್ಲ. ವಾದ ಮಾಡಲಿಲ್ಲ, ಬಿಲ್ಲೆಯ ಮೇಲಿಂದ ಜಾರಿದ ಸೇವಂತಿಗೆಯನ್ನು ಎತ್ತಿ ಮತ್ತೆ ಏರಿಸಿದರು. ಅಲ್ಲಿಟ್ಟದ್ದನ್ನು ಕರೆಂಟಿನ ಲೆಕ್ಕ ಹೇಳಿ ತೆಗೆಸುವುದು ನನಗೂ ಸರಿ ಕಾಣಲಿಲ್ಲ. ಆಗ ನೆನಪಾಯಿತು. ಆ ಪ್ಲಾಸ್ಟಿಕ್ ಬಿಲ್ಲೆಯ ಪಕ್ಕದಲ್ಲಿ ಒಂದು ಸಣ್ಣ ಗುಂಡಿ ಇರುತ್ತದೆ, ಅದನ್ನು ಒತ್ತಿ ಎಳೆದರೆ ಒಳಗಿನಿಂದ ಕಬ್ಬಿಣದ ಚಿಕ್ಕ ಕೀ ಹೊರಬರುತ್ತದೆ. ಬಿಲ್ಲೆಯ ಸೆಲ್ ಮುಗಿದಾಗ ಬಾಗಿಲು ತೆಗೆಯಲು ಇಟ್ಟಿರುವಂಥದ್ದು. ಎಳೆದು ಅವರ ಅಂಗೈಯಲ್ಲಿಟ್ಟೆ. ಇದು ನಿಜವಾದ ಕೀ, ಇದನ್ನು ಜಗಲಿ ಮೇಲಿಡಿ, ಅದನ್ನು ಚೀಲದಲ್ಲಿಡಿ.

ಅವರು ಅದನ್ನು ತಿರುಗಿಸಿ ನೋಡಿದರು. "ಎರಡ್ ವರ್ಷ ಇದು ಇದರೊಳಗ ಇತ್ತೇನ್ರಿ?" ಅಂದರು. ಅದಕ್ಕೂ ವಿಭೂತಿ ಹಚ್ಚಿ ತಟ್ಟೆಯಲ್ಲಿಟ್ಟರು.

ಗುರುವಾರ ಹತ್ತಕ್ಕೆ ನಾನು ಓಣಿಯ ಬಾಯಲ್ಲಿ ನಿಂತಿದ್ದೆ, ಕೇಬಲ್ ಕೈಯಲ್ಲೇ ಇತ್ತು. ಬಟನ್ ಒತ್ತಿದರು. ಮೊದಲ ಸುತ್ತಿಗೇ ಎದ್ದಿತು. ಶುಕ್ರವಾರ, ಶನಿವಾರ. ಎರಡು ವಾರ ಕಳೆದು ಅಕ್ಕ ಅಂಗಡಿಗೆ ಬಂದರು, ಬಟ್ಟೆ ಸುತ್ತಿದ ಹತ್ತು ರೊಟ್ಟಿ, ಶೇಂಗಾ ಚಟ್ನಿ. ಮೆಸ್ಸಿನವನು ಆರ್ಡರನ್ನು ಮುನ್ನೂರೈವತ್ತು ಮಾಡಿದ್ದಾನಂತೆ, ಮೂರನೆಯ ಹೆಂಗಸೊಬ್ಬರನ್ನು ಕೆಲಸಕ್ಕೆ ಹುಡುಕುತ್ತಿದ್ದಾರಂತೆ. ಕತೆಯನ್ನು ಇಲ್ಲಿಗೆ ನಿಲ್ಲಿಸಿದ್ದರೆ ನನಗೂ ನೆಮ್ಮದಿ ಇರುತ್ತಿತ್ತು.

ಹೊರಡುವಾಗ ಅವರು ಹೇಳಿದರು. ಗಂಡ ವಸಂತಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್. ನಾನು ವೈರ್ ಕತ್ತರಿಸಿದ ಆ ಸೋಮವಾರ, ರಾತ್ರಿ ಡ್ಯೂಟಿಗೆ ಹೊರಡುವಾಗ ತನ್ನ ಸ್ಕೂಟರ್ ಕೀ ಜೊತೆ ಕಾರಿನ ಕೀಯನ್ನೂ ಜೇಬಿಗೆ ಹಾಕಿಕೊಂಡು ಹೋಗಿಬಿಟ್ಟಿದ್ದರಂತೆ. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ವಾಪಸ್ ತಂದರಂತೆ. "ಅವತ್ತು ಕೀ ಮನಿಯಾಗ ಇದ್ದಿದ್ದಿಲ್ರಿ ಅಣ್ಣಾರ. ಆದ್ರೂ ಗಾಡಿ ಯಾಕ ಸತ್ತಿತ್ರಿ?"

ಅವರು ಹೋದ ಮೇಲೆ ರಟ್ಟು ತೆಗೆದೆ. ಸೋಮವಾರ ಮಧ್ಯಾಹ್ನ ಹನ್ನೆರಡು ಪಾಯಿಂಟ್ ಆರು, ಪೂರ್ತಿ ತುಂಬಿದ ಬ್ಯಾಟರಿ. ಮಂಗಳವಾರ ಬೆಳಿಗ್ಗೆ ಹನ್ನೊಂದು ಪಾಯಿಂಟ್ ಏನೋ. ಆ ಸಾಲಿನ ಮೇಲೇ ನನ್ನ ಗ್ರೀಸ್ ಬೆರಳು ಬಿದ್ದಿದೆ, ಎರಡನೇ ಅಂಕಿ ಓದಲಾಗುವುದಿಲ್ಲ. ಮಧ್ಯಾಹ್ನದಿಂದ ಸಂಜೆ ಡ್ಯೂಟಿಯ ಹೊತ್ತಿನವರೆಗೆ ಕೀ ಜಗಲಿ ಮೇಲಿತ್ತು ಎಂದುಕೊಂಡರೂ ಅಷ್ಟರಲ್ಲಿ ಒಂದು ಬ್ಯಾಟರಿ ಬರಿದಾಗುವುದಿಲ್ಲ. ಗುಣಿಸಿ ನೋಡಿದೆ, ಬೇರೆ ಬೇರೆ ರೀತಿಯಲ್ಲಿ ಗುಣಿಸಿದೆ. ಗಂಡನಿಗೆ ದಿನ ತಪ್ಪಿರಬಹುದು. ಅಕ್ಕನಿಗೆ ತಪ್ಪಿರಬಹುದು. ನಾನು ಅವಸರದಲ್ಲಿ ಸೀಟಿನ ಕೆಳಗೆ ಯಾವುದೋ ದೀಪ ಉರಿಯಬಿಟ್ಟಿದ್ದು, ಮರುದಿನ ತಾನೇ ಆರಿಹೋಗಿರಬಹುದು.

ಗಾಡಿ ಈಗಲೂ ಓಡುತ್ತಿದೆ, ಆಮೇಲೆ ಒಂದು ಸಲವೂ ಕೈ ಕೊಟ್ಟಿಲ್ಲ. ಆ ಮಂಗಳವಾರ ಅದು ಯಾಕೆ ಸತ್ತಿತ್ತು, ನನಗೆ ಗೊತ್ತಿಲ್ಲ.